ನಿಲ್ಲಿಸಲು ಕಲಿತವನೇ ಚಾಲಕ

(ಸಂಸ್ಥೆಯ ವಾರ್ಷಿಕ ಸಮಾರಂಭದ ದಿನ ಚಾಲಕರು, ಅವರ ಕುಟುಂಬದವರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಲಾರಿಯ ವಿಷಯ ಮಾತನಾಡಲು ಉರ್ದು, ಕನ್ನಡ ಕಲಿಸುವ ಟೀಚರನ್ನು ಏಕೆ ಕರೆದಿದ್ದಾರೆ ಎಂದು ತಮಗೆ ಆಶ್ಚರ್ಯವಾಗಿರಬಹುದು. ಸ್ಕೂಟರ್ ಬಿಟ್ಟರೆ ನನಗೆ ಬೇರೇನೂ ಓಡಿಸಲು ಬರುವುದಿಲ್ಲ. ಆದರೆ ನಾನು ಲಾರಿ ಡ್ರೈವರ್ ಮಗಳು. ನನ್ನ ಅಬ್ಬಾ 1979ರಲ್ಲಿ ಕ್ಲೀನರ್ ಆಗಿ ಗಾಡಿ ಹತ್ತಿದವರು. 1984ರಿಂದ 2018ರವರೆಗೆ 34 ವರ್ಷ ಸ್ಟೇರಿಂಗ್ ಹಿಡಿದವರು. ಸಂಸ್ಥೆಯವರು ಮೊದಲು ಕರೆದದ್ದು ಅವರನ್ನೇ. "ನನಗೆ ಸ್ಟೇರಿಂಗ್ ಹಿಡಿದು ಗೊತ್ತು, ಮೈಕು ಹಿಡಿದು ಗೊತ್ತಿಲ್ಲ. ನಾನು ಹೇಳ್ತೀನಿ, ನೀನು ಬರಕೊಂಡು ಹೋಗಿ ಹೇಳು ಬೇಟೀ" ಎಂದರು. ನಾಲ್ಕು ರಾತ್ರಿ ಊಟವಾದ ಮೇಲೆ ನೋಟ್‌ಬುಕ್ ಹಿಡಿದು ಅವರ ಮುಂದೆ ಕುಳಿತೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. ಕಾನೂನಿನ ಮಾತು ಮತ್ತು ಲೆಕ್ಕ ಮಾತ್ರ ನಾನು ಸೇರಿಸಿದ್ದು.

ಈ ಮಾತಿಗೆ ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಒಂಬತ್ತನೇ ತರಗತಿಯ ನನ್ನ ಒಬ್ಬ ವಿದ್ಯಾರ್ಥಿ ದಸರಾ ರಜೆ ಮುಗಿದರೂ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. "ಗಾಡಿ ಮೇಲೆ ಕ್ಲೀನರ್ ಆಗಿ ಹೋಗಿದಾನೆ ಟೀಚರ್. ಎರಡು ವರ್ಷದಲ್ಲಿ ಡ್ರೈವರ್ ಆಗ್ತಾನೆ" ಎಂದರು ಅವನ ತಾಯಿ. ಆ ಹುಡುಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹೊರಡುವ ಮುನ್ನ ಒಂದು ಸುತ್ತು

ಅಬ್ಬಾ ಹೇಳಿದ ಮೊದಲ ಮಾತು ಇದು: "ಹೊಸ ಹುಡುಗರು ಬಂದ ಕೂಡಲೇ ಗಾಡಿ ಹತ್ತುತ್ತಾರೆ. ಹತ್ತುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ನಡೆಯಬೇಕು. ನನ್ನ ಉಸ್ತಾದರು ಆ ಸುತ್ತು ಹಾಕದೆ ನನಗೆ ಚಹಾ ಕೊಡಿಸುತ್ತಿರಲಿಲ್ಲ."

ಅದಕ್ಕೆ ಹತ್ತು ನಿಮಿಷ ಸಾಕು. ಒಂದೊಂದು ಟೈರಿಗೂ ರಾಡಿನಿಂದ ಹೊಡೆದು ಸದ್ದು ಕೇಳಬೇಕು. ಜೋಡಿ ಟೈರಿನಲ್ಲಿ ಒಳಗಿನದರ ಗಾಳಿ ಇಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆಯಬೇಕು. ಗಾಲಿಯ ನಟ್ಟುಗಳನ್ನು ಮುಟ್ಟಿ ನೋಡಬೇಕು. ಏರ್ ಟ್ಯಾಂಕಿನಲ್ಲಿ ಕೂಡಿಕೊಂಡ ನೀರನ್ನು ಬಿಡಬೇಕು. ಎಂಜಿನ್ ಚಾಲೂ ಮಾಡಿದ ಮೇಲೆ ಗಾಳಿಯ ಮುಳ್ಳು ಸರಿಯಾದ ಜಾಗಕ್ಕೆ ಬರುವವರೆಗೆ ಗಾಡಿ ಕದಲಿಸಬಾರದು. ಲಾರಿಯ ಬ್ರೇಕು ಹಿಡಿಯುವುದು ಕಾಲಿನ ಬಲದಿಂದಲ್ಲ, ಟ್ಯಾಂಕಿನ ಗಾಳಿಯಿಂದ. ಹಿಂದಿನ ಕೆಂಪು ದೀಪವನ್ನೂ ಹೊಳೆಯುವ ಪಟ್ಟಿಯನ್ನೂ ಒರೆಸಬೇಕು. ರಾತ್ರಿ ನಮ್ಮ ಗಾಡಿ ಹಿಂದಿನವನಿಗೆ ಕಾಣುವುದು ಅವುಗಳಿಂದಲೇ. ಹೊರಟು ಹತ್ತಿಪ್ಪತ್ತು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಬಿಗಿಯಬೇಕು. ಚೀಲಗಳು ಕುಲುಕಿ ಕೂತಂತೆ ಹಗ್ಗ ಸಡಿಲವಾಗುತ್ತದೆ.

ಲೋಡಿನ ವಿಷಯದಲ್ಲಿ ಅಬ್ಬಾ ಬಹಳ ಕಟ್ಟುನಿಟ್ಟು. ಹತ್ತು ಗಾಲಿಯ ಲಾರಿಗೆ 2018ರಿಂದ ಗಾಡಿ ಮತ್ತು ಸರಕು ಸೇರಿ ಒಟ್ಟು 28.5 ಟನ್ ಮಿತಿ. ಅದಕ್ಕೆ ಹಿಂದೆ 25 ಟನ್ ಇತ್ತು. ಮಿತಿ ಹೆಚ್ಚಿಸಿದ ಮೇಲೂ ಅದನ್ನು ಮೀರಿ ತುಂಬುವವರಿದ್ದಾರೆ. 2019ರ ತಿದ್ದುಪಡಿಯ ಪ್ರಕಾರ ಕೇಂದ್ರ ಕಾಯ್ದೆಯಲ್ಲಿ ಅದಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. "ದಂಡ ಮಾಲೀಕ ಕಟ್ಟಬಹುದು. ಆದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಗಾಡಿಯಲ್ಲಿರುವುದು ನಾನು, ಅವನಲ್ಲ" ಎನ್ನುತ್ತಾರೆ ಅಬ್ಬಾ.

ಇನ್ನು ಹಿಂದಕ್ಕೆ ತೆಗೆಯುವಾಗ. ಸೀಟಿ ಹೊಡೆಯುತ್ತಾ ಹಿಂದೆ ನಿಂತ ಕ್ಲೀನರ್ ಕನ್ನಡಿಯಲ್ಲಿ ಕಾಣದಾದ ಕ್ಷಣ ಗಾಡಿ ಅಲ್ಲೇ ನಿಲ್ಲಬೇಕು. ಸೀಟಿ ಕೇಳುತ್ತಿದೆ ಎಂದು ನಂಬಬಾರದು. ಅವನು ಯಾರದೋ ಮನೆಯ ಮಗ.

ಘಾಟಿಯ ಪಾಠ

ನಮ್ಮ ದಾವಣಗೆರೆ ಕಡೆಯಿಂದ ಹೋಗುವ ಗಾಡಿಗಳಿಗೆ ಬೆಂಗಳೂರು, ಪುಣೆ ರಸ್ತೆ ರೂಢಿ. ಆದರೆ ಡ್ರೈವರನ ವಿದ್ಯೆ ತಿಳಿಯುವುದು ಘಾಟಿಯಲ್ಲಿ: ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ, ಯಲ್ಲಾಪುರದಿಂದ ಅಂಕೋಲಾ ಕಡೆಗೆ ಇಳಿಯುವ ಅರಬೈಲು.

ಹಳೆಯ ಡ್ರೈವರುಗಳ ಒಂದು ಸೂತ್ರವಿದೆ. ಯಾವ ಗೇರಿನಲ್ಲಿ ಆ ಘಾಟಿಯನ್ನು ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಇಳಿಜಾರು ಶುರುವಾಗುವ ಮುಂಚೆಯೇ ಗೇರು ಇಳಿಸಿಕೊಳ್ಳಬೇಕು. ಗಾಡಿ ಓಟ ಹಿಡಿದ ಮೇಲೆ ಗೇರು ಬೀಳುವುದಿಲ್ಲ. ಗಾಡಿಯನ್ನು ತಡೆದು ಹಿಡಿಯುವುದು ಎಂಜಿನ್ನಿನ ಕೆಲಸ, ಬ್ರೇಕು ಅದಕ್ಕೆ ಸಹಾಯ ಮಾತ್ರ. ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಮತ್ತೆ ಮತ್ತೆ ಒತ್ತಿದರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಬದಿಯಲ್ಲಿ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ತಾನಾಗಿ ಆರುವವರೆಗೆ ಕಾಯಬೇಕು.

ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿ ಅನೇಕರಿಗಿದೆ. ಎಂಜಿನ್ನೇ ಬಂದ್ ಮಾಡುವವರೂ ಇದ್ದಾರೆ. ಎಂಜಿನ್ ನಿಂತರೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟೇರಿಂಗ್ ಕಲ್ಲಿನಂತಾಗುತ್ತದೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಡೀಸೆಲ್ ಹರಿಯುವುದೇ ನಿಲ್ಲುತ್ತದೆ. ಅಂದಮೇಲೆ ನ್ಯೂಟ್ರಲ್‌ನಿಂದ ಉಳಿತಾಯವೂ ಇಲ್ಲ, ಜೀವಕ್ಕೆ ಭರವಸೆಯೂ ಇಲ್ಲ.

ವಿದ್ಯಾರ್ಥಿಗಳೇ, ನಿಮ್ಮ ವಿಜ್ಞಾನದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ 40ರ ವೇಗಕ್ಕಿಂತ 80ರಲ್ಲಿ ಬ್ರೇಕು ಒತ್ತಿದ ಮೇಲೆ ಗಾಡಿ ನಾಲ್ಕು ಪಟ್ಟು ದೂರ ಹೋಗಿ ನಿಲ್ಲುತ್ತದೆ. ನಾವು ಇದನ್ನು ಪುಸ್ತಕದಿಂದ ಕಲಿತೆವು. ಅಬ್ಬಾ ಏಳನೇ ಕ್ಲಾಸು ಓದಿದವರು, ರಸ್ತೆಯಿಂದ ಕಲಿತರು.

ನಿದ್ದೆ

ಮೂರನೆಯ ರಾತ್ರಿ ನಾನು ನಿದ್ದೆಯ ವಿಷಯ ಕೇಳಿದೆ. ಅಬ್ಬಾ ಸುಮ್ಮನಾದರು. "ನಾಳೆ ಹೇಳ್ತೀನಿ" ಎಂದು ಎದ್ದು ಹೋದರು. ಮರುದಿನ ತಾವಾಗಿಯೇ ಬಂದು ಕುಳಿತು ಹೇಳಿದರು. ಇದನ್ನು ಸಭೆಯಲ್ಲಿ ಹೇಳಲು ಅವರ ಒಪ್ಪಿಗೆ ಇದೆ.

ಅದು 1999. ಮುಂಬೈಯಿಂದ ಬೆಂಗಳೂರಿಗೆ ಲೋಡು. ಬೆಳಿಗ್ಗೆ ತಲುಪಲೇಬೇಕೆಂದು ಮಾಲೀಕರ ತಾಕೀತು. ತಲುಪದಿದ್ದರೆ ಬಾಡಿಗೆಯಲ್ಲಿ ಕಡಿತ. ಅದು ಎರಡನೆಯ ರಾತ್ರಿ. ಒಂದು ಗಂಟೆಯ ಹೊತ್ತಿಗೆ ದಾವಣಗೆರೆ ದಾಟಿದರು. ರಸ್ತೆಯಿಂದ ನಮ್ಮ ಮನೆ ಎರಡು ಕಿ.ಮೀ. ಕೂಡ ಇರಲಿಲ್ಲ. "ಎರಡು ಗಂಟೆ ಮಲಗಿ ಹೋಗೋಣ ಉಸ್ತಾದ್" ಎಂದನಂತೆ ಕ್ಲೀನರ್. ಅವನು ನಮ್ಮ ಸಂಬಂಧಿಕರ ಹುಡುಗ, ಹದಿನೇಳು ವರ್ಷ. ಅಬ್ಬಾ ನಿಲ್ಲಿಸಲಿಲ್ಲ. ಚಿತ್ರದುರ್ಗದಲ್ಲಿ ಮುಖ ತೊಳೆದು ಚಹಾ ಕುಡಿದು ಹೊರಟರು. ಹಿರಿಯೂರು ದಾಟಿ ಶಿರಾ ಕಡೆಗೆ ಹೋಗುವಾಗ, ನಾಲ್ಕರ ಸುಮಾರಿಗೆ, ಗಾಡಿ ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಬಡಿದದ್ದು ಎಡಗಡೆ, ಕ್ಲೀನರ್ ಕೂತ ಕಡೆ. ಹುಡುಗನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು.

ಆಗ ನನಗೆ ಹತ್ತು ವರ್ಷ. ಅಬ್ಬಾ ಎರಡು ತಿಂಗಳು ಮನೆಯಲ್ಲೇ ಇದ್ದುದು ನನಗೆ ನೆನಪಿದೆ. ಗಾಡಿ ರಿಪೇರಿಗೆ ಹೋಗಿದೆ ಎಂದು ಅಮ್ಮಿ ಹೇಳಿದ್ದರು. ನನಗೆ ಅದು ಖುಷಿಯ ಕಾಲವಾಗಿತ್ತು, ಏಕೆಂದರೆ ಅಬ್ಬಾ ಮನೆಯಲ್ಲಿದ್ದರು. ಪ್ರತಿ ಈದ್‌ಗೆ ಕೋಲೂರಿಕೊಂಡು ನಮ್ಮ ಮನೆಗೆ ಬರುವ ಭಾಯಿ ಏಕೆ ಕುಂಟುತ್ತಾರೆ ಎಂಬುದು ನನಗೆ ಮೊನ್ನೆಯವರೆಗೆ ತಿಳಿದಿರಲಿಲ್ಲ. ಬಾಲ್ಯದಲ್ಲಿ ಏನೋ ಆಗಿತ್ತು ಎಂದಷ್ಟೇ ತಿಳಿದಿದ್ದೆ.

"ನಿದ್ದೆ ಬಂತು ಅಂತ ನನಗೆ ಗೊತ್ತೇ ಆಗಲಿಲ್ಲ. ಕಣ್ಣು ತೆರೆದೇ ಇತ್ತು ಅಂದುಕೊಂಡಿದ್ದೆ" ಎಂದರು ಅಬ್ಬಾ. ನಿದ್ದೆಯ ಮೋಸ ಇರುವುದೇ ಇಲ್ಲಿ. ಮಿದುಳು ಎರಡು ಮೂರು ಸೆಕೆಂಡು ಮಲಗಿ ಏಳುತ್ತದೆ, ಮಲಗಿದ್ದು ನಮಗೆ ತಿಳಿಯುವುದಿಲ್ಲ. ಲೆಕ್ಕ ಹಾಕಿ ನೋಡಿ: ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡಿಗೆ 50 ಮೀಟರ್. ಅಷ್ಟು ದೂರ ಗಾಡಿಗೆ ಡ್ರೈವರೇ ಇಲ್ಲ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ತಾನಾಗಿ ನಿದ್ದೆಯನ್ನು ಬೇಡುವ ಹೊತ್ತು. ಮಧ್ಯಾಹ್ನ ಹೊಟ್ಟೆ ತುಂಬ ಉಂಡ ಮೇಲೆ ಇನ್ನೊಮ್ಮೆ ಬೇಡುತ್ತದೆ.

ಮುಖಕ್ಕೆ ನೀರು, ಜೋರು ಹಾಡು, ಬೀಡಿ, ಗುಟ್ಕಾ, ಕಿಟಕಿಯ ತಂಗಾಳಿ, ಇವು ಯಾವುದೂ ನಿದ್ದೆಗೆ ಔಷಧವಲ್ಲ. ಎಚ್ಚರವಿರಲು ಮಾತ್ರೆ ನುಂಗುವುದಂತೂ ವಿಷವೇ. ಚಹಾ ಸ್ವಲ್ಪ ಹೊತ್ತು ತಡೆಯುತ್ತದೆ, ತೀರಿಸುವುದಿಲ್ಲ. ಅದೇ ಆಕಳಿಕೆ ಮತ್ತೆ ಮತ್ತೆ ಬಂದರೆ, ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ, ಗಾಲಿ ರಸ್ತೆಯಂಚಿನ ಮಣ್ಣಿಗೆ ಇಳಿದು ಏರಿದರೆ, ಮುಂದಿನ ಪೆಟ್ರೋಲ್ ಬಂಕ್ ಅಥವಾ ಢಾಬಾದಲ್ಲಿ ನಿಲ್ಲಿಸಿ ಮಲಗಿ. ಇಪ್ಪತ್ತು ನಿಮಿಷದ ನಿದ್ದೆಯೂ ಒಂದಿಷ್ಟು ದಾರಿ ಕಾಯುತ್ತದೆ. ಸಾಲ ತೀರಬೇಕಾದರೆ ಪೂರ್ತಿ ನಿದ್ದೆಯೇ ಬೇಕು.

ಆ ಅಪಘಾತದ ನಂತರ ಅಬ್ಬಾ ಮತ್ತೆ ಹತ್ತೊಂಬತ್ತು ವರ್ಷ ಗಾಡಿ ಓಡಿಸಿದರು. ರಾತ್ರಿ ಎರಡಾದರೆ ಎಲ್ಲಿದ್ದರೂ ನಿಲ್ಲಿಸುತ್ತಿದ್ದರಂತೆ. ಆ ಕಾರಣಕ್ಕೆ ಇಬ್ಬರು ಮಾಲೀಕರು ಕೆಲಸದಿಂದ ತೆಗೆದರು. ಮೂರನೆಯವರು ಇಟ್ಟುಕೊಂಡರು. "ಓಡಿಸುವುದು ಎಲ್ಲರಿಗೂ ಬರುತ್ತದೆ ಬೇಟೀ, ನಿಲ್ಲಿಸಲು ಕಲಿತವನೇ ಡ್ರೈವರ್. ನಾನು ಒಬ್ಬ ಹುಡುಗನ ಕಾಲು ಕೊಟ್ಟು ಕಲಿತೆ" ಎಂದರು.

ಕೆಟ್ಟು ನಿಂತಾಗ, ಅಪಘಾತವಾದಾಗ

ನಿಲ್ಲಿಸುವುದಕ್ಕೂ ಒಂದು ರೀತಿ ಇದೆ. ಕತ್ತಲಲ್ಲಿ ರಸ್ತೆಯ ಮೇಲೆ ದೀಪವಿಲ್ಲದೆ ನಿಂತ ಲಾರಿಗೆ ಹಿಂದಿನಿಂದ ಬಡಿದು ಸತ್ತವರ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಮಲಗಲು ಹೆದ್ದಾರಿಯ ಅಂಚು ಜಾಗವಲ್ಲ. ಗಾಡಿ ಕೆಟ್ಟರೆ ಆದಷ್ಟು ಎಡಕ್ಕೆ ತಂದು, ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ಕಲ್ಲು, ಸೊಪ್ಪು ಇಟ್ಟರೆ ಹೊರಡುವಾಗ ತೆಗೆದು ಹೋಗಬೇಕು. ನಾವು ಬಿಟ್ಟುಹೋದ ಆ ಕಲ್ಲಿಗೆ ರಾತ್ರಿ ಬೈಕಿನವನು ಬೀಳುತ್ತಾನೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಪೊಲೀಸರಿಗೆ 112, ಆಂಬುಲೆನ್ಸಿಗೆ 108. ಈ ಮೂರು ಸಂಖ್ಯೆ ಡ್ಯಾಶ್‌ಬೋರ್ಡಿನ ಮೇಲೆ ಬರೆದಿರಲಿ.

ಅಪಘಾತವಾದರೆ ಓಡಿಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಜನ ಹೊಡೆಯುತ್ತಾರೆಂಬ ಭಯ ಸುಳ್ಳಲ್ಲ. ಕಾನೂನು ಆ ಭಯವನ್ನು ಗುರುತಿಸಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯ. ಜನರ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಇದೆ. ಆದಷ್ಟು ಬೇಗ, ತಡವೆಂದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ಅಂದರೆ ಜೀವ ಉಳಿಸಿಕೊಳ್ಳಲು ದೂರ ಹೋಗಬಹುದು, ಆದರೆ ಹೋಗಬೇಕಾದದ್ದು ಠಾಣೆಗೆ, ಊರಿಗಲ್ಲ. ಹೊಸ ನ್ಯಾಯ ಸಂಹಿತೆಯಲ್ಲಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ 106(2)ನೇ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಹಲವೆಡೆ ಚಾಲಕರು ಗಾಡಿ ನಿಲ್ಲಿಸಿದ್ದು ತಮಗೆ ನೆನಪಿರಬಹುದು. ಆ ವರ್ಷ ಜುಲೈ 1ರಂದು ಸಂಹಿತೆ ಬಂದಾಗ ಆ ಉಪಕಲಮನ್ನು ಮಾತ್ರ ಜಾರಿಗೆ ತರಲಿಲ್ಲ. ಆದರೆ ಬಿದ್ದವನನ್ನು ಬಿಟ್ಟು ಹೋಗಬಾರದು ಎಂಬುದಕ್ಕೆ ಯಾವ ಕಲಮೂ ಬೇಕಿಲ್ಲ.

ಬೇರೆಯವರ ಅಪಘಾತ ಕಂಡರೂ ನಿಲ್ಲಿಸಿ. 2019ರ ತಿದ್ದುಪಡಿ ಬಂದ ಮೇಲೆ ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ಮಾಲೀಕರಿಗೆ ಮತ್ತು ಮನೆಯವರಿಗೆ

ನಿಲ್ಲಿಸುವುದು ಚಾಲಕನೊಬ್ಬನ ಕೈಯಲ್ಲಿಲ್ಲ ಎಂಬುದು ನಿಜ. ಈ ಸಭೆಯಲ್ಲಿ ಗಾಡಿಗಳ ಮಾಲೀಕರೂ ಇದ್ದಾರೆ. ಅವರಲ್ಲಿ ವಿನಯದಿಂದ ಕೇಳುತ್ತೇನೆ. 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ದೂರದ ಹಾದಿಗೆ ಹೆಚ್ಚೆಂದರೆ 10 ಗಂಟೆ, ಐದು ಗಂಟೆಯ ದುಡಿಮೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು ಹೇಳಿತ್ತು. ನಮ್ಮ ಎಷ್ಟು ಗಾಡಿಗಳು ಅದನ್ನು ಪಾಲಿಸಿದವು? "ಎರಡು ಗಂಟೆ ತಡವಾದರೂ ಸರಿ, ಮಲಗಿ ಬಾ" ಎಂದು ಹೊರಡುವಾಗಲೇ ಹೇಳಿಬಿಡಿ. ಆ ಒಂದು ಮಾತು ಅವನನ್ನು ಕಾಯುತ್ತದೆ.

ತಾಯಂದಿರೇ, ಅಕ್ಕಂದಿರೇ, ನಮ್ಮದೂ ಪಾಲಿದೆ. "ಎಲ್ಲಿದ್ದೀರಿ, ಎಷ್ಟೊತ್ತಿಗೆ ಬರ್ತೀರಿ" ಎಂದು ಗಂಟೆಗೊಮ್ಮೆ ಫೋನು ಮಾಡಬೇಡಿ. ಅವರು ನಿಲ್ಲಿಸಿದಾಗ ಅವರೇ ಮಾಡಲಿ. ಹಬ್ಬಕ್ಕೆ ಬರಲೇಬೇಕೆಂದು ಮಕ್ಕಳ ಕೈಯಲ್ಲಿ ಹಟ ಮಾಡಿಸಬೇಡಿ. ಆ ಹಟ ನಾನೂ ಮಾಡಿದವಳು. ಅಪ್ಪ ಮನೆಗೆ ಬಂದಾಗ ಮೊದಲು ಮಲಗಲು ಬಿಡಿ. ಸಾಲದ ಮಾತು, ನೆಂಟರ ಮಾತು ಎದ್ದ ಮೇಲೆ ಆಡಿದರಾಯಿತು.

ಆರೋಗ್ಯದ ವಿಷಯ ಎರಡೇ ಮಾತು. ವರ್ಷಕ್ಕೊಮ್ಮೆ ಕಣ್ಣು, ಸಕ್ಕರೆ, ರಕ್ತದೊತ್ತಡ ತೋರಿಸಿಕೊಳ್ಳಿ. ಅಬ್ಬಾ ಕನ್ನಡಕ ಹಾಕಿದರೆ ಕೆಲಸ ಹೋಗುತ್ತದೆಂದು ಹೆದರಿ ಮೂರು ವರ್ಷ ಮಂಜು ಕಣ್ಣಿನಲ್ಲೇ ಓಡಿಸಿದ್ದರು. ಈಗ ಅದನ್ನು ನೆನೆದರೆ ಅವರಿಗೇ ಮೈ ನಡುಗುತ್ತದೆ.

ರಸ್ತೆ ಓದನ್ನು ಕೇಳುತ್ತದೆ

ಸರಕು ವಾಹನದ ಲೈಸೆನ್ಸಿಗೆ ಹಿಂದೆ ಎಂಟನೇ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಆ ನಿಯಮ ತೆಗೆದರು. ಓದಲಾಗದ ಎಷ್ಟೋ ಬಡವರಿಗೆ ಅದರಿಂದ ಅನುಕೂಲವಾಯಿತು. ಆದರೆ ಕಾನೂನು ಕೇಳದ ಓದನ್ನು ರಸ್ತೆ ಕೇಳುತ್ತಿದೆ. ಆರ್.ಸಿ., ಎಫ್.ಸಿ., ಪರ್ಮಿಟ್, ವಿಮೆ, ಹೊಗೆ ತಪಾಸಣೆಯ ಚೀಟಿ, ಪ್ರತಿಯೊಂದರ ಅವಧಿಯನ್ನೂ ಚಾಲಕನೇ ನೋಡಿಕೊಳ್ಳಬೇಕು. 2018ರಿಂದ ಇ-ವೇ ಬಿಲ್ ಬಂದಿದೆ. ಸಾಮಾನ್ಯ ಸರಕಿಗೆ ಅದು 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ನಡೆಯುತ್ತದೆ. ಗಾಡಿ ಕೆಟ್ಟು ತಡವಾದರೆ ಅವಧಿ ವಿಸ್ತರಿಸಲು ಕಚೇರಿಗೆ ತಿಳಿಸಬೇಕೆಂಬುದು ಗೊತ್ತಿರಬೇಕು. ಫಾಸ್ಟ್ಯಾಗ್, ಮೊಬೈಲಿನ ನಕ್ಷೆ, ಎಲ್ಲಕ್ಕೂ ಅಕ್ಷರ ಬೇಕು. ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ ಸಹಿ ಹಾಕಬೇಡಿ. ಬತ್ತಾ, ಡೀಸೆಲ್, ಟೋಲ್ ಲೆಕ್ಕವನ್ನು ಪ್ರತಿ ಟ್ರಿಪ್ಪಿಗೂ ಬರೆದಿಡಿ.

ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. ನಮ್ಮ ರಾಜ್ಯದಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ 2024ರಲ್ಲಿ ಕಾಯ್ದೆ ಬಂದಿದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ತುಂಬಲು ಕಷ್ಟವಾದರೆ ಭಾನುವಾರ ನಮ್ಮ ಶಾಲೆಗೆ ಬನ್ನಿ. ನಾನು ಮತ್ತು ನಮ್ಮ ಹತ್ತನೇ ತರಗತಿಯ ಮಕ್ಕಳು ತುಂಬಿಕೊಡುತ್ತೇವೆ.

ಆ ಹುಡುಗನ ವಿಷಯ

ಈಗ ನನ್ನ ವಿದ್ಯಾರ್ಥಿಯ ವಿಷಯ. ಕಳೆದ ತಿಂಗಳು ಅವನು ಊರಿಗೆ ಬಂದಿದ್ದ. ನಾನು ಅವನನ್ನು ಅಬ್ಬಾರ ಬಳಿ ಕರೆದುಕೊಂಡು ಹೋದೆ. ಅಬ್ಬಾ ಬೈಯಲಿಲ್ಲ. "ನಿನ್ನ ವಯಸ್ಸೆಷ್ಟು?" ಎಂದರು. "ಹದಿನೈದು." "ಸರಕು ಗಾಡಿ ಓಡಿಸಲು ಕಾನೂನಿನಲ್ಲಿ ಎಷ್ಟಾಗಿರಬೇಕು?" ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತು. ಅದಕ್ಕೂ ಮುಂಚೆ ಹದಿನೆಂಟು ತುಂಬಿ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದಿರಬೇಕು. "ಹಾಗಾದರೆ ಐದು ವರ್ಷ ನೀನು ಕಾಯಲೇಬೇಕು. ಆ ಐದು ವರ್ಷದಲ್ಲಿ ಎಸ್.ಎಸ್.ಎಲ್.ಸಿ. ಮುಗಿಯುತ್ತದೆ. ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕಲಿತರೆ ಅದೂ ಮುಗಿಯುತ್ತದೆ. ಆಮೇಲೂ ನಿನಗೆ ಗಾಡಿಯೇ ಬೇಕೆಂದರೆ ಬಾ, ನಾನೇ ಕಲಿಸುತ್ತೇನೆ. ಎಂಜಿನ್ ಬಿಚ್ಚಲು ಬರುವ ಡ್ರೈವರನ್ನು ಯಾವ ಮಾಲೀಕನೂ ಬಿಡುವುದಿಲ್ಲ" ಎಂದರು.

ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡ. ಎರಡು ದಿನದ ನಂತರ ಮತ್ತೆ ಗಾಡಿ ಹತ್ತಿದ. ಮನೆಯಲ್ಲಿ ತಂಗಿಯರಿದ್ದಾರೆ, ಬಾಡಿಗೆ ಕಟ್ಟಬೇಕು. ಅವನನ್ನು ನಾನು ದೂರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇನ್ನೂ ಇದೆ. ಶಾಲೆಗೆ ಮರಳಲಾಗದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವ ದಾರಿಯೂ ಇದೆ. ಸಂಸ್ಥೆಯ ಹಿರಿಯರು ಆ ಮನೆಯ ಬಾಡಿಗೆಯ ಬಗ್ಗೆ ಒಂದು ಮಾತು ಯೋಚಿಸಬೇಕೆಂದು ಈ ವೇದಿಕೆಯಿಂದಲೇ ಕೋರುತ್ತೇನೆ. ಅಂಥ ಮನೆ ಅದೊಂದೇ ಅಲ್ಲ ಎಂಬುದೂ ತಮಗೆ ಗೊತ್ತು.

ಅಲ್ಲಿಯವರೆಗೆ ಅವನು ಹೋಗುವ ಗಾಡಿಯ ಡ್ರೈವರ್ ಸಾಹೇಬರು ಈ ಸಭೆಯಲ್ಲಿದ್ದರೆ ಅವರಲ್ಲಿ ಒಂದೇ ವಿನಂತಿ. ರಾತ್ರಿ ಎರಡು ಗಂಟೆಗೆ ನಿಮ್ಮ ಎಡಗಡೆ ಕುಳಿತ ಹುಡುಗ "ಸ್ವಲ್ಪ ಮಲಗೋಣ ಉಸ್ತಾದ್" ಎಂದರೆ ದಯವಿಟ್ಟು ಗಾಡಿ ನಿಲ್ಲಿಸಿ.